ಬಾಯಿ ಮಾತ್ರ ನಂದಲ್ಲ

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಪತ್ರಿಕೆಯವರು ನನ್ನ ಲೇಖನದ ಅಚ್ಚುಪುಟವನ್ನು ಮೊಬೈಲಿಗೆ ಕಳಿಸಿದರು. ಜೇವರ್ಗಿಯ ಹೆದ್ದಾರಿ ಪಕ್ಕದ ಮನೆಗಳ ಬಗ್ಗೆ ಬರೆದದ್ದು. ಚಿತ್ರ ಚೆನ್ನಾಗಿತ್ತು, ನನ್ನ ಹೆಸರೂ ದಪ್ಪಗಿತ್ತು. ಎರಡನ್ನೂ ಸಾಕಷ್ಟು ಹೊತ್ತು ನೋಡಿಕೊಂಡ ಮೇಲೆಯೇ ಓದತೊಡಗಿದೆ. ನಡುವೆ ಒಂದು ಪದ ಬದಲಾಗಿತ್ತು. ಚಹಾ ಅಲ್ಲೇ ಆರಿತು.

ಆ ಪದಕ್ಕೆ ಬರುವ ಮೊದಲು ನಿಮಗೆ ನಮ್ಮೂರು ಖಜೂರಿಯ ಕಾಕಾನ ವಿಷಯ ಹೇಳಬೇಕು. ನನಗೆ ಬರೆಯುವ ಹುಚ್ಚು ಹತ್ತಿದ್ದು ಅವನ ಹೋಟೆಲಿನ ಬೆಂಚಿನ ಮೇಲೆ. ಹೋಟೆಲೆಂದರೆ ತಗಡಿನ ಚಪ್ಪರ, ಒಂದು ಸ್ಟೋವು, ಮಹಾರಾಷ್ಟ್ರದ ಕಡೆ ಹೋಗುವ ಲಾರಿಗಳ ಧೂಳು. ನಾನು ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ವಾರಪತ್ರಿಕೆಯವರೊಬ್ಬರು ಬಂದು ಆ ಬೆಂಚಿನ ತುದಿಯಲ್ಲಿ ಇಡೀ ದಿನ ಕುಳಿತರು. ಕೇಳಿದ್ದು ಕಡಿಮೆ, ಕುಡಿದದ್ದು ಬಹಳ.

ಲೇಖನ ಬಂದಾಗ ನಾನೇ ಎಲ್ಲರಿಗೂ ಓದಿ ಹೇಳಿದೆ. ಕಾಕಾ ದಿನದ ಮೊದಲ ಚಹಾವನ್ನು ರಸ್ತೆಗೆ ಚೆಲ್ಲುತ್ತಾನೆ, ಚೆಲ್ಲುವಾಗ ಲಾರಿಗಳು ಬರುವ ದಿಕ್ಕಿಗಲ್ಲ, ಹೋಗುವ ದಿಕ್ಕಿಗೆ ನೋಡುತ್ತಾನೆ ಎಂದು ಬರೆದಿದ್ದರು. ಅದು ನನಗೆ ದಿನವೂ ಕಾಣುತ್ತಿತ್ತು; ನಾನು ನೋಡಿರಲಿಲ್ಲ. ಹೀಗೆ ಬರೆಯಲು ಬರುವುದಾದರೆ ನಾನೂ ಬರೆಯಬೇಕು ಎನಿಸಿತು.

ಆದರೆ ಅದೇ ಲೇಖನದಲ್ಲಿ ಕಾಕಾ ಲಾರಿಯವರನ್ನು “ಬನ್ನಿ, ಕುಳಿತುಕೊಳ್ಳಿ” ಎಂದು ಕರೆಯುತ್ತಿದ್ದ. “ಬರ್ರಿ, ಕುಂದರ್ರಿ” ಎಂದು ಅರ್ಧ ಊರಿಗೆ ಕೇಳುವಂತೆ ಕೂಗುವ ಮನುಷ್ಯ!

“ಏನ್ ಕಾಕಾ, ಬೆಂಗಳೂರಿಗಿ ಯಾವಾಗ ಹೋಗಿ ಬಂದಿ?” ಎಂದ ಒಬ್ಬ ಡ್ರೈವರ್.

“ಸುಮ್ಕ ಚಾ ಕುಡೀಲೇ.”

ಅಂದಿನಿಂದ ಅವನು ‘ಬನ್ನಿ ಕಾಕಾ’. ಗಿರಾಕಿಗಳು ಕರಗಿದ ಮೇಲೆ ನನ್ನಿಂದ ಇನ್ನೊಮ್ಮೆ ಓದಿಸಿಕೊಂಡು, ಗ್ಲಾಸು ಒರೆಸುತ್ತ ಹೇಳಿದ: “ಎಲ್ಲಾ ಖರೆ ಬರ್ದಾರ. ಬಾಯಿ ಮಾತ್ರ ನಂದಲ್ಲ.”

ಇನ್ನು ಜೇವರ್ಗಿಗೆ ಬರುತ್ತೇನೆ. ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ ‘ಹೋಗ್ತೇನಿ’ ಅನ್ನುವುದಿಲ್ಲ, ‘ಬರ್ತೇನಿ’ ಅನ್ನುತ್ತಾರೆ. ಲೇಖನಕ್ಕಾಗಿ ನಾನು ಮಾತಾಡಿಸಿದ ಹೆಣ್ಣುಮಗಳೊಬ್ಬಳ ಗಂಡ ಬೈಕಿನಲ್ಲಿ ಹೆದ್ದಾರಿಗೆ ಇಳಿದಾಗ ಲಾರಿ ಹೊಡೆದು ತೀರಿಕೊಂಡಿದ್ದ. ಆಕೆ ತಲೆ ಎತ್ತದೆ ಹೇಳಿದಳು:

“ದಿನಾ ‘ಬರ್ತೇನಿ’ ಅಂತಿದ್ರು, ಅಣ್ಣಾರ. ಅವತ್ತ ‘ಹೋಗ್ತೇನಿ’ ಅಂದ್ರು. ಹಂಗ ಅನಬ್ಯಾಡ್ರಿ ಅನ್ನಬೇಕಂದೆ, ಒಲಿ ಮ್ಯಾಲ ಹಾಲು ಉಕ್ಕಾಕತ್ತಿತ್ತು. ಅತ್ತಿ ನಂಬವಲ್ರು. ನಿನಗ ತಪ್ಪ ಕೇಳ್ಯಾದ ಅಂತಾರ. ನೀವರ ಹಂಗೇ ಬರೀರಿ.”

ಬರೆದಿದ್ದೆ. ಚುಟುಕಾಗಿರಲೆಂದು ‘ಅವತ್ತ ಹೋಗ್ತೇನಿ ಅಂದ್ರು’ ಎಂಬಷ್ಟನ್ನೇ ಇಟ್ಟಿದ್ದೆ. ಅಚ್ಚುಪುಟದಲ್ಲಿ ಅದು ‘ಬರ್ತೇನಿ’ ಆಗಿತ್ತು.

ಫೋನ್ ಮಾಡಿದೆ. ಉಪಸಂಪಾದಕಿ ಇನ್ನೂ ಚಿಕ್ಕವಳು, ಮೆದು ಮಾತಿನವಳು. “ಸರ್, ಹೊರಡೋವಾಗ ಯಾರಾದ್ರೂ ಹೋಗ್ತೀನಿ ಅಂತಾರಾ? ಕೈತಪ್ಪಿರಬೇಕು ಅಂದ್ಕೊಂಡೆ.”

ಜೇವರ್ಗಿಯ ಹೆಣ್ಣುಮಗಳ ಮಾತನ್ನು ಪೂರ್ತಿ ಹೇಳಿದೆ.

“ಹಾಲು ಉಕ್ಕಿದ್ದನ್ನೂ ಸೇರಿಸ್ಲಾ ಸರ್?”

“ಸೇರಿಸಮ್ಮ. ಅವಳು ಹೇಳಿದ ಹಾಗೇ.”

ತಿದ್ದಿದ ಪುಟ ಸಂಜೆಗೆ ಬಂತು. ಜೇವರ್ಗಿಗೆ ಫೋನ್ ಮಾಡಿ ಆ ಸಾಲುಗಳನ್ನು ಓದಿದೆ.

“ತಡ್ರಿ ಅಣ್ಣಾರ, ಅತ್ತಿ ಕಿವಿಗಿ ಹಿಡೀತೇನಿ. ಇನ್ನೊಮ್ಮೆ ಓದ್ರಿ.”

ಒಂದೊಂದೇ ಪದವಾಗಿ ಓದಿದೆ. ಓದಿ ಮುಗಿದ ಮೇಲೆ ಲಾರಿಯೊಂದು ಆ ಮನೆಯ ಮುಂದೆ ಹಾದುಹೋದದ್ದು ಕೇಳಿಸಿತು. ಆಮೇಲೆ ಮುದುಕಿಯ ದನಿ, ಫೋನಿನಿಂದ ತುಸು ದೂರದಲ್ಲಿ:

“ಹಂಗೇ ಅಂದನೇನವ್ವಾ ಅಂವ?”

ಕೇಳಿದ್ದು ನನ್ನನ್ನಲ್ಲ, ಸೊಸೆಯನ್ನು.