ಮೋತ್ಯಾನ ಪಂಜರ

ಮಿಲಿಟರಿ ಕ್ಯಾಂಪಿಗೆ ಹೋಗಿ, ಅಕ್ಕನ ನಾಯಿಯನ್ನು ನಿಲ್ಲಿಸಿ, ನೆಲದಿಂದ ಕಿವಿಯ ತುದಿಯವರೆಗೆ ಟೇಪು ಹಿಡಿಯಬೇಕಿತ್ತು. ಅಷ್ಟೇ ಕೆಲಸ. ಅದನ್ನು ನಾನು ಮಾಡಲಿಲ್ಲ.

ಇವತ್ತು ಬೆಳಿಗ್ಗೆ ಖಾನಾಪುರದ ನಮ್ಮ ಮನೆಗೆ ಪಕ್ಕದ ಮಾವಶಿ ಬಂದು, "ಹಿತ್ತಲದಾಗ ಆ ಪಂಜರಾ ಸುಮ್ನ ಬಿದ್ದೈತಲ್ಲೋ, ನನ್ನ ಕೋಳಿಗರ ಕೊಡು" ಅಂದಳು. ಪಂಜರದ ಬಾಗಿಲು ತೆಗೆದೆ. ತುಕ್ಕಿನ ವಾಸನೆ. ಬೆಸುಗೆಯ ಸಂದಿಯಲ್ಲಿ ಕಂದು ಕೂದಲೊಂದು ಇನ್ನೂ ಸಿಕ್ಕಿಕೊಂಡಿತ್ತು. "ಕೋಳಿಗೆ ಆಗೂದಿಲ್ಲ ಮಾವಶಿ" ಅಂದುಬಿಟ್ಟೆ. ಕೋಳಿಗೆ ಚೆನ್ನಾಗಿಯೇ ಆಗುತ್ತಿತ್ತು. ಆಗದಿದ್ದದ್ದು ನಾಯಿಗೆ.

ನನ್ನ ಓದು ಏಳನೇ ಇಯತ್ತೆಗೆ ನಿಂತಿತು. ಮಚ್ಛೆಯ ಕಾರ್ಖಾನೆಯಲ್ಲಿ ಕಬ್ಬಿಣ ಕತ್ತರಿಸಿ ವೆಲ್ಡಿಂಗ್ ಮಾಡುತ್ತ ಬಂದವನು. ನಮ್ಮ ಕಸುಬಿನವರಲ್ಲಿ ಒಂದು ರೋಗವಿದೆ. ಟೇಪು ತೆಗೆದವನನ್ನು ಹೊಸಬನೆಂದು ನಗುತ್ತೇವೆ. ಕಣ್ಣಳತೆಯೇ ನಮ್ಮ ಸೊಕ್ಕು.

ಅಕ್ಕ ಕ್ಯಾಂಪಿನ ಬಂಗಲೆಯೊಂದರಲ್ಲಿ ಮಿಲಿಟರಿ ಸಾಹೇಬರ ಮುದಿ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ಅವಳಿಗೆ ಮದುವೆಯಿಲ್ಲ, ಮಕ್ಕಳಿಲ್ಲ, ಮೋತ್ಯಾ ಇದ್ದ. ಸಾಹೇಬರಿಗೆ ದಿಲ್ಲಿಗೆ ವರ್ಗವಾದಾಗ ಅವಳನ್ನೂ ಕರೆದರು, ನಾಯಿಯೂ ಬರಲಿ ಎಂದರು. ವಿಮಾನದವರ ನಿಯಮಗಳನ್ನು ಅಕ್ಕ ಫೋನಿನಲ್ಲಿ ಪಾಠದಂತೆ ಒಪ್ಪಿಸಿದಳು. ಸೂಜಿ ಹಾಕಿಸಿದ ಪುಸ್ತಕ ಬೇಕು, ದನದ ಡಾಕ್ಟರ ಚೀಟಿ ಬೇಕು. "ಪಂಜರದಾಗ ಅಂವಾ ನೆಟ್ಟಗ ನಿಂದರಬೇಕಂತ, ತಿರಗಬೇಕಂತ, ಕಿವಿ ಮ್ಯಾಲ ತಾಗಬಾರದಂತ. ಬಂದು ಅಳತಿ ತಗೋ ತಮ್ಮಾ."

"ನಿನ್ನ ನಾಯೀನ ನಾ ನೋಡಿಲ್ಲೇನ? ವಿಮಾನದಾಗ ಅಂವಾ ಏನ್ ಕವಾಯತ ಮಾಡ್ತಾನ?"

ಕಣ್ಣಳತೆಯಲ್ಲೇ ಪಂಜರ ಬೆಸೆದೆ. ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಮೋತ್ಯಾ ಬಾಲ ಆಡಿಸುತ್ತಲೇ ಪಂಜರ ಹೊಕ್ಕ. ತಲೆ ಎತ್ತಲಾಗಲಿಲ್ಲ. ಬೈಸಿಕೊಂಡವನಂತೆ ಕತ್ತು ಬಗ್ಗಿಸಿ ನಿಂತ. ಕೌಂಟರಿನ ಹುಡುಗಿ ಮೆಲ್ಲಗೆ ಹೇಳಿದಳು: "ಇದ್ರಾಗ ಕಳಸಾಕ ಬರೂದಿಲ್ರೀ. ಪಾಪ, ಅದಕ್ಕ ತ್ರಾಸ ಆಗ್ತೈತ್ರೀ."

ಅಕ್ಕ ನನ್ನ ಮುಖ ನೋಡಿದಳು.

"ನೀ ಇಲ್ಲದಾಗ ಬಂದು ಅಳತಿ ತಗೊಂಡೇ ಮಾಡೀನಿ" ಅಂದೆ. "ಆಮ್ಯಾಲ ನೀನ ಚಪಾತಿ ತುಪ್ಪಾ ಹಾಕಿ ಬೆಳಿಸೀದಿ."

ಇನ್ನೂ ಬೆಳೆಯುವ ವಯಸ್ಸಿನ ನಾಯಿ. ಅಕ್ಕ ನಂಬಿದಳು. ಅವನ ಹಗ್ಗವನ್ನು ನನ್ನ ಕೈಗಿಟ್ಟು, ತಿರುಗಿ ನೋಡದೆ ಒಳಗೆ ಹೋದಳು.

ಹೊಸ ಪಂಜರ ಮಾಡಿ ನಾನೇ ಕರೆತರುತ್ತೇನೆ ಎಂದಿದ್ದೆ. ಇವತ್ತು ನಾಳೆ ಎನ್ನುತ್ತ ಅವನನ್ನು ನನ್ನಲ್ಲೇ ಉಳಿಸಿಕೊಂಡೆ. ಖರೇ ಹೇಳಲೇ ನಿಮಗೆ? ಕೆಲಸ ಮುಗಿಸಿ ಬಂದು ಬೀಗ ತೆಗೆಯುವಾಗ ಒಳಗಿನಿಂದ ಒಂದು ಜೀವ ಬಾಗಿಲು ಕೆರೆಯುತ್ತಿತ್ತು. ಅದು ನನಗೆ ರೂಢಿಯಾಗಿಬಿಟ್ಟಿತ್ತು.

ಅಕ್ಕ ದಿನಾ ಫೋನು ಮಾಡುತ್ತಿದ್ದಳು. "ಮೋತ್ಯಾಗ ಹಿಡಿ." ಅವಳ ದನಿ ಕೇಳಿ ಅವನು ನನ್ನ ಬೆನ್ನ ಹಿಂದೆ ಹೋಗಿ ಹುಡುಕುತ್ತಿದ್ದ. "ತಪ್ಪು ನಂದಪಾ ಮೋತ್ಯಾ, ನಾನ ಹೆಚ್ಚು ತಿನಿಸಿದ್ನಿ" ಎನ್ನುವಳು. ನಾನು ಫೋನನ್ನು ಅವನ ಕಿವಿಗೆ ಇನ್ನಷ್ಟು ಹತ್ತಿರ ಹಿಡಿಯುತ್ತಿದ್ದೆ.

ಹೋದ ಚಳಿಗಾಲ ಮೋತ್ಯಾ ಕಾಯಿಲೆ ಬಿದ್ದು ಸತ್ತ. ಅಕ್ಕನ ಫೋನು ಕಡಿಮೆಯಾಯಿತು. ಈಗಲೂ ರೊಟ್ಟಿಯ ಅಂಚು ಮುರಿದು ಕೆಳಗಿಡುತ್ತೇನೆ, ಆಮೇಲೆ ನಾನೇ ಎತ್ತಿ ತಿನ್ನುತ್ತೇನೆ.

ಮಾವಶಿ ಹೋದ ಮೇಲೆ ಪಂಜರದ ಪಕ್ಕದಲ್ಲೇ ಕೂತು ಫೋನು ಹಚ್ಚಿದೆ.

"ಏನಾತೋ? ಆರಾಮ ಅದಿಯಿಲ್ಲೋ?" ಅಕ್ಕನ ದನಿಯಲ್ಲಿ ಗಾಬರಿ.

"ಅಕ್ಕಾ, ನಾ ಅವತ್ತ ಅಳತಿ ತಗೊಂಡ ಇರಲಿಲ್ಲ. ಕ್ಯಾಂಪಿಗೆ ಬಂದ ಇರಲಿಲ್ಲ. ನೀ ಹಾಕಿದ ತುಪ್ಪದ್ದು ಏನೂ ತಪ್ಪಿಲ್ಲ."

ಆ ಕಡೆ ಮುದುಕಿ ಅವಳನ್ನು ಕೂಗುತ್ತಿದ್ದದ್ದು ಕೇಳಿಸಿತು. ಅಕ್ಕ ಓಗೊಡಲಿಲ್ಲ. ಫೋನೂ ಇಡಲಿಲ್ಲ.

"ತಪ್ಪಾತಕ್ಕಾ" ಅಂದೆ. "ನಿನಗೂ ಅನ್ಯಾಯ ಮಾಡೀನಿ, ಮೋತ್ಯಾಗೂ ಅನ್ಯಾಯ ಮಾಡೀನಿ. ಮಾಫ್ ಮಾಡು."