ಕಾರಿನಲ್ಲಿ ಕೇಳಿದ ಗ್ಯಾಂಬಿಯಾ

ಹ್ಯೂಸ್ಟನ್ನಿನಿಂದ ಮನೆಗೆ ಮರಳುವಾಗ ನನ್ನ ಮುಂದಿದ್ದ ಟ್ರಕ್ಕಿನ ಟಯರ್ ಸಿಡಿಯಿತು. ಮೊದಲು ಸದ್ದು, ಆಮೇಲೆ ಗಾಜಿಗೆ ಬಡಿದ ಕರಿ ರಬ್ಬರಿನ ತುಂಡು. ನಾನು ಎಡಕ್ಕೆ ತಿರುಗಿಸಿದೆನೋ ಬಲಕ್ಕೋ, ಈಗಲೂ ಖಚಿತವಾಗಿ ಹೇಳಲಾರೆ. ಕಾರು ತಡೆಗೋಡೆಗೆ ಉಜ್ಜಿಕೊಂಡು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ನಾನು ಡ್ರೈವ್ ಮಾಡುವುದನ್ನೇ ಬಿಟ್ಟೆ.

"ಗಾಡಿ ರಿಪೇರಿ ಆಗಿ ಬಂತು, ನೀ ಇನ್ನೂ ಆಗಿಲ್ಲ ನೋಡು," ಎಂದು ಗಂಡ ಚೇಷ್ಟೆ ಮಾಡಿದರು. ಅವರ ಕೆಲಸ ಬೇರೆ ದಿಕ್ಕಿಗೆ. ಮೆಕಿನ್ನಿಯ ನಮ್ಮ ಮನೆಯಿಂದ ಹತ್ತಿರದ ಊರು ಪ್ಲೇನೋದಲ್ಲಿರುವ ನನ್ನ ಆಫೀಸಿಗೆ ಬಸ್ಸಿಲ್ಲ.

ಆಫೀಸಿನಲ್ಲಿ ಪಕ್ಕದ ಮೇಜಿಗೆ ಕೂರುತ್ತಿದ್ದ, ನನಗಿಂತ ಹಿರಿಯ ಹೆಂಗಸೊಬ್ಬರು ದಿನವೂ ತಮ್ಮ ಕಾರಿನಲ್ಲಿ ಕರೆದೊಯ್ಯತೊಡಗಿದರು. ಗ್ಯಾಂಬಿಯಾ ದೇಶದವರು. ತಿಂಗಳ ಕೊನೆಗೆ ಅವರು ದೂರದ ಆಸ್ಟಿನ್ ಬಳಿಯ ಫ್ಲೂಗರ್‌ವಿಲ್‌ಗೆ ಶಿಫ್ಟ್ ಆಗುವವರಿದ್ದರು. ಅಷ್ಟರೊಳಗೆ ನಾನು ಡ್ರೈವ್ ಮಾಡದಿದ್ದರೆ ಕೆಲಸ ಬಿಡಬೇಕಿತ್ತು.

ಟ್ರಕ್ಕು ಹತ್ತಿರ ಬಂದಾಗಲೆಲ್ಲ ನಾನು ಸೀಟು ಗಟ್ಟಿಯಾಗಿ ಹಿಡಿಯುವುದನ್ನು ಅವರು ಗಮನಿಸಿದ್ದರು. ಅದನ್ನು ಮರೆಸಲೆಂದೇ ಇರಬೇಕು, ತಮ್ಮ ದೇಶದ ಕಥೆ ಶುರು ಮಾಡಿದರು. ಪಶ್ಚಿಮ ಆಫ್ರಿಕಾದ ಒಂದು ನದಿ. ಅದರ ಎರಡು ದಡಗಳೇ ದೇಶ. ನದಿಯನ್ನು ಇಂಗ್ಲಿಷರು ಹಿಡಿದರು, ಸುತ್ತಲಿನ ನೆಲವನ್ನು ಫ್ರೆಂಚರು. ಆ ನೀರಿನ ಮೇಲೆಯೇ ಮನುಷ್ಯರನ್ನು ಹಡಗಿಗೆ ತುಂಬಿ ಮಾರಿದರು. ಇದನ್ನು ಹೇಳುವಾಗ ಅವರ ದನಿ ಬದಲಾಗಲಿಲ್ಲ, ಕಾರಿನ ವೇಗ ಮಾತ್ರ ತುಸು ಇಳಿಯಿತು.

ಮುಂದಿನ ವಾರ ಅಲ್ಲಿನವರ ಹೊಟ್ಟೆಪಾಡಿನ ಮಾತು. ಚಳಿಗಾಲದಲ್ಲಿ ಯುರೋಪಿನ ಪ್ರವಾಸಿಗರು, ಹೊರದೇಶದಿಂದ ಮಕ್ಕಳು ಕಳಿಸುವ ದುಡ್ಡು, ಎಲ್ಲಕ್ಕಿಂತ ಹಳೆಯದು ಶೇಂಗಾ.

"ಶೇಂಗಾನಾ? ನಮ್ಮ ವಿಜಯಪುರದ ಕಡೆ ಅದರಲ್ಲಿ ಚಟ್ನಿ, ಹೋಳಿಗೆ ಎಲ್ಲಾ ಮಾಡ್ತೀವಿ," ಎಂದೆ.

"ಸಾರು ಮಾಡಲ್ವಾ? ಹಾಗಾದರೆ ನಿಮಗಿನ್ನೂ ಕಲಿಯೋದಿದೆ."

ಕೊನೆಯ ವಾರದ ಗುರುವಾರ ಅವರು ನಮ್ಮ ಮನೆಯ ಮುಂದೆ ತಮ್ಮ ಕಾರು ನಿಲ್ಲಿಸಿ ಇಳಿದರು. "ನಿನ್ನ ಗಾಡಿ ತೆಗಿ. ನಮ್ಮ ದೇಶದ ಕಥೆಯಲ್ಲಿ ಇನ್ನು ಹವಾಮಾನ ಒಂದೇ ಉಳಿದಿರೋದು. ನೀನು ಡ್ರೈವ್ ಮಾಡಿದರೆ ಮಾತ್ರ ಹೇಳ್ತೀನಿ."

"ಇದು ಬ್ಲ್ಯಾಕ್‌ಮೇಲ್."

"ಹೌದು. ಬೆಲ್ಟ್ ಹಾಕ್ಕೋ."

ಹೈವೇ ಬಿಟ್ಟು ಒಳರಸ್ತೆ ಹಿಡಿದೆ. ಅವರು ಪಕ್ಕದಲ್ಲಿ ಕೂತು ಹೇಳುತ್ತಿದ್ದರು: ಸಹಾರಾದಿಂದ ಬೀಸುವ ಒಣಗಾಳಿ, ತುಟಿ ಒಡೆಯುವ ಧೂಳು, ತಿಂಗಳುಗಟ್ಟಲೆ ಒಂದು ಹನಿಯೂ ಇಲ್ಲ. ಜೂನ್ ಬಂತೆಂದರೆ ಎಲ್ಲರೂ ಪೂರ್ವದ ಆಕಾಶವನ್ನೇ ನೋಡುತ್ತಾರೆ. ಅಷ್ಟರಲ್ಲಿ ಒಂದು ಟ್ರಕ್ಕು ನಮ್ಮ ಪಕ್ಕಕ್ಕೆ ಬಂತು. ಅವರು ಮಾತು ನಿಲ್ಲಿಸಲಿಲ್ಲ; ಬಿತ್ತನೆಗೆ ಎತ್ತಿಟ್ಟ ಶೇಂಗಾ ಬೀಜವನ್ನು ಮಕ್ಕಳು ಕದ್ದು ತಿನ್ನುವುದನ್ನು ಹೇಳುತ್ತಿದ್ದರು. ನಾನು ಸ್ಟಿಯರಿಂಗ್ ನೇರವಾಗಿ ಹಿಡಿದೆ. ಕಾರು ಗೆರೆ ದಾಟಲಿಲ್ಲ. ಟ್ರಕ್ಕು ಮುಂದೆ ಹೋಯಿತು.

ಆಫೀಸಿನ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದೆ.

"ಮಳೆ ಬಂತಾ?" ಎಂದು ಕೇಳಿದೆ.

"ಇನ್ನೂ ಇಲ್ಲ. ಸಾಯಂಕಾಲ ವಾಪಸ್ ಡ್ರೈವ್ ಮಾಡ್ತೀಯಲ್ಲ, ಆಗ ಬರುತ್ತೆ," ಎಂದು ಅವರು ಬಾಗಿಲು ತೆರೆದು ಇಳಿದರು.

ಕೀಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡು ಅವರ ಹಿಂದೆ ನಡೆದೆ.