ಯಾವೂರ ಗಾಳಿಗೆ?

ನಾನು ಕೆಲಸ ಮಾಡುವ ಭರಮಸಾಗರದ ಅಂಗನವಾಡಿಯ ಗೋಡೆಗೆ ಮಕ್ಕಳ ಚಿತ್ರ ಅಂಟಿಸಲು ಮೊನ್ನೆ ಮೈದಾಹಿಟ್ಟಿನ ಅಂಟು ಕಾಯಿಸುತ್ತಿದ್ದೆ. ಹುಳ ಬೀಳದಿರಲೆಂದು ಅದಕ್ಕೆ ನಾಲ್ಕು ಬೇವಿನೆಲೆ ಹಾಕಿ ಕುದಿಸುವುದು ನನ್ನ ರೂಢಿ. ಹಿಟ್ಟು ಗಟ್ಟಿಯಾಗುತ್ತಾ ಬೇವಿನ ಕಹಿ ವಾಸನೆ ಎದ್ದಿತು. ಸೌಟು ಹಿಡಿದ ಕೈ ಹಾಗೇ ನಿಂತಿತು. ಈ ಅಂಟು ಕಾಯಿಸುವುದನ್ನು ನನಗೆ ಕಲಿಸಿದವಳು ಚಿತ್ರದುರ್ಗದ ನಮ್ಮ ಎದುರುಮನೆಯ ಪಟದವ್ವ. ಅವಳು ಹೋಗಿ ಇನ್ನೂ ವರ್ಷ ತುಂಬಿಲ್ಲ...

ಗಾಳಿಪಟ ಮಾಡಿ ಮಾರುವುದೇ ಅವಳ ಬದುಕಾಗಿತ್ತು. ಗಂಡ ತೀರಿದ ಮೇಲೆ ಅವನ ಕಸುಬನ್ನೇ ಹಿಡಿದಿದ್ದಳು. ಮಕ್ಕಳಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಿದಿರು ಸೀಳಿ, ಕಡ್ಡಿ ನಯ ಮಾಡಿ, ಬಣ್ಣದ ಕಾಗದ ಅಂಟಿಸಿ, ಕೊನೆಗೆ ಒಂದು ಮರದ ಅಚ್ಚಿನಿಂದ ಮೂಲೆಯಲ್ಲಿ ಕೆಂಪು ಗಿಳಿ ಒತ್ತುತ್ತಿದ್ದಳು. ಗಿಳಿ ಪಟವೆಂದರೆ ಹಿರಿಯೂರು, ಹೊಳಲ್ಕೆರೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಆಷಾಢದಲ್ಲಿ ನಮ್ಮ ಬೀದಿಯಲ್ಲಿ ಬೈಕು ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ.

ಸೂತ್ರ ಕಟ್ಟಿದ ಪಟ ಅವಳ ಅಂಗಡಿಯಲ್ಲಿ ಇರುತ್ತಲೇ ಇರಲಿಲ್ಲ. ಪಟದ ಎದೆಗೆ ಕಟ್ಟುವ ಆ ದಾರವನ್ನು ಕೊಳ್ಳುವವರು ಬಂದ ಮೇಲೆ, ಅವರೆದುರೇ ಕಟ್ಟುವಳು. ಅದಕ್ಕೂ ಮುಂಚೆ ಕೇಳುವಳು: "ಯಾವೂರ ಗಾಳಿಗೆ?"

"ಹೊಸದುರ್ಗಕ್ಕೆ ಕಣವ್ವ," ಎಂದಿದ್ದ ಒಬ್ಬಾತ.

"ನಿಮ್ಮೂರ ಗಾಳಿ ಕುಡ್ದು ಬಂದಂಗೆ ಬರ್ತೈತೆ. ಬಾಲ ಉದ್ದ ಬೇಕು. ಕುಂತ್ಕ."

"ಗಾಳಿ ಒಂದೇ ಅಲ್ಲ ಬಿಡವ್ವ, ಮಂದಿನೂ ಹಂಗೇ ಬರ್ತಾರೆ," ಎಂದು ಅವನು ನಕ್ಕಿದ್ದ.

ಕೋಟೆಯ ಬಂಡೆ ಹತ್ತಿ ಹಾರಿಸುವವರಿಗೆ ಗಂಟು ಸ್ವಲ್ಪ ಮೇಲೆ, ತಗ್ಗಿನ ಹೊಲದವರಿಗೆ ಸ್ವಲ್ಪ ಕೆಳಗೆ. ಹಾರಲಿಲ್ಲವೆಂದು ತಂದರೆ ಬಿಚ್ಚಿ ಮತ್ತೆ ಕಟ್ಟುವಳು. ಹರಿದಿದ್ದರೆ ತೇಪೆ ಹಾಕುವಳು. ಗೊಣಗಿದ್ದನ್ನು ನಾನು ಕಂಡಿಲ್ಲ. ಮತ್ತೆ ಬಂದವರನ್ನು ಕಂಡರೆ ಅವಳ ಮುಖ ಅರಳುತ್ತಿತ್ತು. ಆ ಮನೆಗೆ ಬೇರೆ ಯಾರು ತಾನೇ ಬರುತ್ತಿದ್ದರು...

ಕ್ರಮೇಣ ಅವಳ ಬೆರಳುಗಳು ಸೆಟೆದುಕೊಂಡವು. ಬಿದಿರು ಸೀಳಲು ಆಗದಾಯಿತು. ಬಜಾರಿನ ಆಟಿಕೆ ವ್ಯಾಪಾರಿಯೊಬ್ಬ ಬಂದು, "ಅಚ್ಚು ನನಗೆ ಕೊಡ್ರಿ ಅವ್ವಾರೆ, ನಿಮ್ಮ ಗಿಳಿ ಹೆಸರು ಉಳಿತೈತೆ," ಎಂದ. ಹೆಸರು ಉಳಿದೀತೆಂಬ ಆಸೆಗೇ ಕೊಟ್ಟಳು. ಮೊದಲ ಆಷಾಢ ಅವನು ಕಾಗದದ ಪಟವನ್ನೇ ಮಾಡಿಸಿದ. ಮರುವರ್ಷ ಪ್ಲಾಸ್ಟಿಕ್ ಪಟಗಳು ಪೆಟ್ಟಿಗೆಗಟ್ಟಲೆ ಬಂದಿಳಿದವು. ಎಲ್ಲದರ ಮೂಲೆಯಲ್ಲೂ ಕೆಂಪು ಗಿಳಿ.

ಅವು ಎರಡು ಸುತ್ತು ಸುತ್ತಿ ನೆಲಕ್ಕೆ ಬೀಳುತ್ತಿದ್ದವು. ವಾಪಸ್ ಒಯ್ದರೆ ಬಜಾರಿನಲ್ಲಿ ಒಂದು ಬೋರ್ಡು ತೋರಿಸುತ್ತಿದ್ದರು: ಮಾರಿದ ಮಾಲು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಜನ ಅಲ್ಲಿಂದ ನೇರ ಪಟದವ್ವನ ಬಾಗಿಲಿಗೆ ಬಂದರು.

"ಏನವ್ವ, ಈ ಸಲ ನಿನ್ ಗಿಳಿಗೆ ರೆಕ್ಕೆ ಇಡೋದೇ ಮರೆತೆಯಾ?"

ಇದು ನಾನು ಮಾಡಿದ್ದಲ್ಲ ಎಂದು ಅವಳು ಒಂದು ಸಲವೂ ಹೇಳಲಿಲ್ಲ. "ಕೊಡಪ್ಪ ಇಲ್ಲಿ. ಯಾವೂರ ಗಾಳಿಗೆ?" ಎಂದು ಸೆಟೆದ ಬೆರಳಲ್ಲೇ ಸೂತ್ರ ಕಟ್ಟಲು ಕೂರುತ್ತಿದ್ದಳು. ಗಂಟು ಬಿಗಿದಂತೆ ಪ್ಲಾಸ್ಟಿಕ್ ಪರ್ರನೆ ಹರಿಯುತ್ತಿತ್ತು. ಅದಕ್ಕೆ ಅವಳ ಅಂಟೂ ಹಿಡಿಯುತ್ತಿರಲಿಲ್ಲ.

ಒಂದು ದಿನ ನನ್ನ ಕೈ ಹಿಡಿದು ಬಜಾರಿಗೆ ಹೊರಟಳು. ವ್ಯಾಪಾರಿ ಸ್ಟೂಲು ಹಾಕಿ ಕೂರಿಸಿ ಚಹಾ ತರಿಸಿದ. ಬಂದವರ ಊರು ಕೇಳಿ ಸೂತ್ರ ಕಟ್ಟಿಕೊಡಪ್ಪ ಎಂದಳು ಅವಳು.

"ಸೂತ್ರ ಫ್ಯಾಕ್ಟರಿಲೇ ಕಟ್ಟಿ ಕಳಿಸ್ತಾರೆ ಅವ್ವಾರೆ. ಎಲ್ಲಾ ಊರಿಗೂ ಒಂದೇ. ಈಗ ಯಾರು ಕುಂತು ಕಟ್ಟಿಸ್ಕಂತಾರೆ?"

"ಹಂಗಾದ್ರೆ ನನ್ ಅಚ್ಚು ನನಗೆ ಕೊಟ್ಬಿಡಪ್ಪ," ಎಂದಳು.

ಜಗಳವಾದೀತೆಂದು ನಾನು ಹೆದರಿದ್ದೆ. ಅವನು ಡ್ರಾಯರ್ ತಡಕಿ, ಧೂಳು ಒರೆಸಿ, ಅಚ್ಚನ್ನು ಅವಳ ಕೈಗಿಟ್ಟ. ಅವನಿಗೆ ಅದು ಬೇಕಾಗಿರಲಿಲ್ಲ. ಗಿಳಿಯ ಚಿತ್ರ ಆಗಲೇ ಎಲ್ಲೋ ಮೆಷಿನ್ನಿಗೆ ಸೇರಿಹೋಗಿತ್ತು. ಹಿಂದಿರುಗುವ ದಾರಿಯುದ್ದಕ್ಕೂ ಅವಳು ಅಚ್ಚನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು.

ಮುಂದಿನ ಆಷಾಢ ಯಾರೂ ಬರಲಿಲ್ಲ. ಗಿಳಿ ಪಟ ಹಾರುವುದಿಲ್ಲವೆಂದು ಸುತ್ತಲ ಊರುಗಳಿಗೆಲ್ಲ ಗೊತ್ತಾಗಿತ್ತು. ಆದರೂ ಅವಳು ಅಂಟು ಕಾಯಿಸಿಟ್ಟು, ದಾರ ಬಿಡಿಸಿಟ್ಟು, ಹೊಸ್ತಿಲ ಬಳಿ ಕೂತಿರುತ್ತಿದ್ದಳು. ಸಂಜೆ ಬಸ್ಸಿಳಿದು ಬರುವಾಗ ನಾನೇ ಅವಳ ಪಕ್ಕ ಸ್ವಲ್ಪ ಕೂರುತ್ತಿದ್ದೆ.

"ಬೈಯೋಕಾದ್ರೂ ಒಬ್ಬರು ಬರ್ಲಿಲ್ಲ ನೋಡೇ," ಎಂದಳು ಒಮ್ಮೆ. ಬಟ್ಟಲಿನಲ್ಲಿ ಅಂಟು ಒಣಗಿ ಬಿರುಕು ಬಿಟ್ಟಿತ್ತು...

ಈಗ ಎದುರುಮನೆಯ ಬಾಗಿಲಿಗೆ ಬೀಗ. ಅಚ್ಚನ್ನು ಅವಳ ಜೊತೆಯಲ್ಲೇ ಮಣ್ಣಿಗೆ ಇಟ್ಟೆವು.

ಮೊನ್ನೆ ಗೋಡೆಗೆ ಚಿತ್ರ ಅಂಟಿಸಿ ಮುಗಿಸಿ, ಭರಮಸಾಗರದ ಬಸ್ ಸ್ಟ್ಯಾಂಡಿಗೆ ಬಂದೆ. ಅಂಗಡಿಯೊಂದರ ಮುಂದೆ ಪ್ಲಾಸ್ಟಿಕ್ ಪಟಗಳು ನೇತಾಡುತ್ತಿದ್ದವು. ಮೂಲೆಯಲ್ಲಿ ಗಿಳಿ. ಬಣ್ಣ ಮಾತ್ರ ಹಸಿರಾಗಿತ್ತು. ಯಾಕೋ ಒಂದು ಕೊಡಿ ಎಂದೆ. ಕೆರೆ ಏರಿಯ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ಅಂಗಡಿಯವನು ಫೋನಿನಲ್ಲಿ ಮಾತಾಡುತ್ತಲೇ ಒಂದನ್ನು ಎಳೆದು, ಮಡಚಿ ಕೈಗೆ ಕೊಟ್ಟ. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಕೆರೆ ಏರಿಗೆ ಕಣವ್ವ ಎಂಬ ಉತ್ತರ ಬಾಯಲ್ಲೇ ಇತ್ತು.

"ಇನ್ನೇನಾದ್ರೂ ಬೇಕೇನಕ್ಕ?" ಎಂದ.

ಬೇಡ ಎಂದು ಬಸ್ಸು ಹತ್ತಿದೆ.